ನಿನ್ನೆ ಬಿಸಿಲು, ಇವತ್ತು ಮಳೆ: ವಾರದ ಮುನ್ಸೂಚನೆ ದಿನಕ್ಕೊಂದು ಥರ ಯಾಕೆ?

ಪ್ರಶ್ನೆ: ಮೇಡಂ, ನಮ್ಮದು ಸಣ್ಣ ಊರು. ಮುಂದಿನ ಶುಕ್ರವಾರ ಮನೆಯ ಹೊರಗೋಡೆಗೆ ಬಣ್ಣ ಹೊಡೆಸಬೇಕು. ಮೊನ್ನೆ ಫೋನಿನಲ್ಲಿ ಆ ದಿನಕ್ಕೆ ಮಳೆ ಅಂತ ಇತ್ತು. ನಿನ್ನೆ ನೋಡಿದರೆ ಪೂರ್ತಿ ಬಿಸಿಲು. ಇವತ್ತು ಮತ್ತೆ ಗುಡುಗಿನ ಚಿತ್ರ. ತಮ್ಮನ ಫೋನಿನಲ್ಲಿ ಬೇರೆಯೇ ಇದೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಪೂರ್ತಿ ನಂಬಬೇಡಿ. ಆದರೆ ಅದು ಹೀಗೆ ಬದಲಾಗುತ್ತಿದೆಯಲ್ಲ, ಅದನ್ನು ಮಾತ್ರ ಗಂಭೀರವಾಗಿ ತಗೊಳ್ಳಿ. ಉಪಗ್ರಹ, ಬಲೂನು, ವಿಮಾನ, ಹಡಗುಗಳಿಂದ ಹೊಸ ಅಳತೆ ಬಂದಂತೆ ಕಂಪ್ಯೂಟರ್ ಲೆಕ್ಕವನ್ನು ದಿನಕ್ಕೆ ಹಲವು ಸಲ ಹೊಸದಾಗಿ ಮಾಡುತ್ತಾರೆ. ಮೂರು ದಿನ ಒಂದೇ ಉತ್ತರ ಬಂದರೆ ಸ್ವಲ್ಪ ಧೈರ್ಯ ಮಾಡಬಹುದು. ದಿನಕ್ಕೊಂದು ಉತ್ತರ ಬಂದರೆ ಶುಕ್ರವಾರ ಇನ್ನೂ ತೀರ್ಮಾನ ಆಗಿಲ್ಲ ಅಂತಲೇ ಅರ್ಥ.

1961ರಲ್ಲಿ ಎಡ್ವರ್ಡ್ ಲೊರೆನ್ಜ್ ಅನ್ನುವ ವಿಜ್ಞಾನಿ ಕಂಪ್ಯೂಟರಿನಲ್ಲಿ ಹವಾಮಾನದ ಹಳೆಯ ಲೆಕ್ಕವೊಂದನ್ನು ಮತ್ತೆ ಓಡಿಸುವಾಗ 0.506127 ಬದಲು 0.506 ಅಂತ ಹಾಕಿದರು. ಶುರುವಿನಲ್ಲಿ ಎರಡೂ ಲೆಕ್ಕ ಒಂದೇ ದಾರಿಯಲ್ಲಿದ್ದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದಂತಾದವು. ಇವತ್ತಿನ ಗಾಳಿ, ತೇವವನ್ನು ಅಳೆಯುವಾಗ ಅಷ್ಟು ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ಯುರೋಪಿನ ಮುನ್ಸೂಚನೆ ಕೇಂದ್ರ ಆರಂಭದ ಅಂಕಿಗಳನ್ನು ಚೂರು ಚೂರು ಬದಲಿಸಿ ಒಂದೇ ಲೆಕ್ಕವನ್ನು 51 ಸಲ ಮಾಡುತ್ತದೆ. 51ರಲ್ಲಿ 20 ಸಲ ಮಳೆ ಬಂದರೆ ಸುಮಾರು ಶೇ. 40 ಅನ್ನಬಹುದು. ನಿಮ್ಮ ಮತ್ತು ತಮ್ಮನ ಫೋನಿಗೆ ಬೇರೆ ಬೇರೆ ಕೇಂದ್ರದ ಲೆಕ್ಕ ಬರುತ್ತಿರಬಹುದು.

ಇನ್ನೊಬ್ಬರ ಪ್ರಶ್ನೆ: ಶೇ. 40 ಅಂದರೆ ಊರಿನ ಅಷ್ಟು ಭಾಗಕ್ಕೆ ಮಳೆ ಅಂತಲಾ? ಇಲ್ಲಾ ಅಷ್ಟು ಹೊತ್ತು ಅಂತಲಾ?

ಉತ್ತರ: ಎರಡೂ ಅಲ್ಲ. ಇಂಥದೇ ಹತ್ತು ದಿನ ಬಂದರೆ ಸುಮಾರು ನಾಲ್ಕರಲ್ಲಿ ನೀವಿರುವ ಕಡೆ ಮಳೆಯಾಗುತ್ತದೆ ಅಂತ. ಎಷ್ಟು ಮಳೆ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಮಿಲಿಮೀಟರ್ ನೋಡಿ. 1 ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ 1 ಲೀಟರ್ ನೀರು. ಶೇ. 80, ಆದರೆ 1 ಮಿ.ಮೀ. ಅಂತಿದ್ದರೆ ನಾನು ಚಿಂತೆ ಮಾಡಲ್ಲ. ಶೇ. 30, ಆದರೆ 40 ಮಿ.ಮೀ. ಅಂತಿದ್ದರೆ ತಗ್ಗಿನಲ್ಲಿ ಮನೆ ಇರುವವರಿಗೆ ಖಂಡಿತ ಹೇಳುತ್ತೇನೆ.

ಪ್ರಶ್ನೆ: ಸಣ್ಣ ಊರಿಗೇ ಜಾಸ್ತಿ ತಪ್ಪಾಗುತ್ತೆ ಅಲ್ವಾ ಮೇಡಂ?

ಉತ್ತರ: ಹಾಗೆ ಅನ್ನಿಸೋದಕ್ಕೆ ಕಾರಣ ಇದೆ. ಇಡೀ ಭೂಮಿಯ ಲೆಕ್ಕ ಮಾಡುವಾಗ ನೆಲವನ್ನು ಚೌಕಗಳಾಗಿ ಹಂಚುತ್ತಾರೆ. ಯುರೋಪಿನ ಲೆಕ್ಕದಲ್ಲಿ ಒಂದು ಚೌಕ ಸುಮಾರು 9 ಕಿ.ಮೀ., ಅಮೆರಿಕದ್ದರಲ್ಲಿ ಸುಮಾರು 13. ನಿಮ್ಮ ಊರು, ಪಕ್ಕದ ಗುಡ್ಡ, ಕೆರೆ ಎಲ್ಲಾ ಸೇರಿ ಒಂದೇ ಚೌಕ, ಒಂದೇ ಅಂಕಿ. ಗುಡುಗು ಮಳೆಯ ಒಂದು ಮೋಡ ಕೆಲವೇ ಕಿ.ಮೀ. ಅಗಲ ಇರಬಹುದು. ಊರಿನ ಈ ತುದಿಯಲ್ಲಿ ಚರಂಡಿ ತುಂಬಿ ಹರಿಯುವಾಗ ಆ ತುದಿಯಲ್ಲಿ ಧೂಳು ಏಳುತ್ತಿರುತ್ತದೆ. ಫೋನಿನಲ್ಲಿ ಊರಿನ ಹೆಸರಿದೆ ಅಂದ ಮಾತ್ರಕ್ಕೆ ಅಲ್ಲಿ ಮಳೆ ಅಳೆಯುವವರು ಇದ್ದಾರೆ ಅಂತಲ್ಲ.

ಪ್ರಶ್ನೆ: ಹಾಗಾದರೆ ಬಣ್ಣದವರಿಗೆ ಏನು ಹೇಳಲಿ?

ಉತ್ತರ: ಶುಕ್ರವಾರ ಅಂತಲೇ ಹೇಳಿ, ಜೊತೆಗೆ ಶನಿವಾರವನ್ನೂ ಖಾಲಿ ಇಟ್ಟುಕೊಳ್ಳಲು ಕೇಳಿ. ಐದು ದಿನದ ಆಚೆಯದನ್ನು ವಾರದ ಒಟ್ಟು ಅಂದಾಜಿಗೆ ಮಾತ್ರ ನೋಡಿ. ಗಂಟೆ ಗಂಟೆಯ ಚಿತ್ರವನ್ನು ಆ ದಿನಕ್ಕೆ ಎರಡೇ ದಿನ ಉಳಿಯುವ ತನಕ ತೆಗೆಯಲೇಬೇಡಿ, ಸುಮ್ನೆ ತಲೆ ಕೆಡುತ್ತದೆ. ಕೊನೆಯ ತೀರ್ಮಾನ ಗುರುವಾರ ಸಂಜೆ.

ಶುಕ್ರವಾರ ಬೆಳಿಗ್ಗೆ ಆಕಾಶ ನೋಡಿ. ಬಿಳಿ ಮೋಡಗಳು ಹರಡಿಕೊಂಡು ಚಪ್ಪಟೆಯಾಗೇ ಇದ್ದರೆ ಕೆಲಸ ಶುರು ಮಾಡಿಸಿ. ಮಧ್ಯಾಹ್ನಕ್ಕೆ ಮುಂಚೆಯೇ ಹೂಕೋಸಿನ ಹಾಗೆ ಮೇಲಕ್ಕೆ ಉಬ್ಬುತ್ತಾ ಅಗಲಕ್ಕಿಂತ ಎತ್ತರ ಜಾಸ್ತಿಯಾದರೆ ಮಧ್ಯಾಹ್ನದ ಮೇಲೆ ಗುಡುಗು ಮಳೆಗೆ ತಯಾರಾಗಿರಿ. ಆಗ ಈಗ ಎಲ್ಲೆಲ್ಲಿ ಮಳೆ ಬೀಳುತ್ತಿದೆ ಅಂತ ತೋರಿಸುವ ರಡಾರ್ ಚಿತ್ರ ತೆಗೆದು ಮಳೆ ಯಾವ ಕಡೆ ಸಾಗುತ್ತಿದೆ ನೋಡಿ. ಮುಂದಿನ ಒಂದೆರಡು ಗಂಟೆಗೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಗುಡುಗು ಕೇಳಿಸಿತು ಅಂದರೆ ಸಿಡಿಲು ಬೀಳುವಷ್ಟು ಹತ್ತಿರ ಇದೆ. ಮಳೆ ಹನಿ ಬೀಳಲಿ ಅಂತ ಕಾಯದೆ ಏಣಿಯಿಂದ ಇಳಿಸಿ ಎಲ್ಲರನ್ನೂ ಮನೆಯೊಳಗೆ ಕರೆಯಿರಿ. ಕೊನೆಯ ಗುಡುಗಿನ ನಂತರ 30 ನಿಮಿಷ ಯಾರೂ ಹೊರಗೆ ಹೋಗಬಾರದು.

ಪ್ರಶ್ನೆ ಕೇಳಿದವರು: ಶನಿವಾರವೂ ಬರುತ್ತೇವೆ ಅಂದಿದ್ದಾರೆ ಮೇಡಂ.

ಉತ್ತರ: ಒಳ್ಳೆಯದಾಯಿತು. ಗುರುವಾರ ಸಂಜೆ ಎರಡೂ ಫೋನಿನ ಚಿತ್ರ ಇಲ್ಲಿ ಹಾಕಿ, ಆವತ್ತಿನ ಲೆಕ್ಕ ನೋಡಿ ಹೇಳುತ್ತೇನೆ.