‘ಉಸಿರು ನಿಂತಿತ್ತು’ ಅನ್ನದೆ ಹೇಗೆ ಹೇಳುವುದು?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ನಾನು ಮುಂಬೈಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಸುಗೂಸುಗಳ ಐಸಿಯುನಲ್ಲಿ ಕೆಲಸ. ಕಟ್ಟಡದ ಕೆಲಸಕ್ಕೆ ಬಂದ ಕಲಬುರಗಿ, ಯಾದಗಿರಿ ಕಡೆಯ ಕುಟುಂಬಗಳು ನಮ್ಮಲ್ಲಿಗೆ ಜಾಸ್ತಿ ಬರುತ್ತವೆ. ವಾರ್ಡಿನಲ್ಲಿ ಕನ್ನಡ ಬರುವುದು ನನಗೊಬ್ಬಳಿಗೇ. ಹಾಗಾಗಿ ತಾಯಂದಿರಿಗೆ ಕೊಡಲು ಒಂದು ಪುಟದ ಕನ್ನಡ ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೊದಲನೆಯದು ‘ಆಪ್ನಿಯಾ’. ತಿಂಗಳು ತುಂಬದೆ ಹುಟ್ಟಿದ ಮಗು, ಅದರಲ್ಲೂ 34 ವಾರಕ್ಕೂ ಮೊದಲೇ ಹುಟ್ಟಿದ್ದು, ಉಸಿರಾಡುತ್ತಾ ಇದ್ದಂತೆ ನಡುವೆ ಸುಮ್ಮನಾಗಿಬಿಡುತ್ತದೆ. ಐದು ಹತ್ತು ಸೆಕೆಂಡಾದರೆ ಎಳೆಗೂಸಿಗೆ ಅದು ಮಾಮೂಲು. 20 ಸೆಕೆಂಡ್ ದಾಟಿದರೆ, ಅಥವಾ ಅಷ್ಟರೊಳಗೇ ಎದೆಬಡಿತ ಇಳಿದು ಮೈ ನೀಲಿಯಾದರೆ, ಅದು ಆಪ್ನಿಯಾ. ಮಾನಿಟರ್ ಕೂಗುತ್ತದೆ. ನಾವು ಓಡಿ ಹೋಗಿ ಅಂಗಾಲು ಸವರುತ್ತೇವೆ. ಎಷ್ಟೋ ಸಲ ಅಷ್ಟಕ್ಕೇ ಮಗು ಮತ್ತೆ ಉಸಿರೆಳೆದುಕೊಳ್ಳುತ್ತದೆ.

ಇದನ್ನು ತಾಯಿಗೆ ಹೇಳುವುದು ಹೇಗೆ? ಕೆಲಸಕ್ಕೆ ಸೇರಿದ ಹೊಸದರಲ್ಲಿ, ‘ರಾತ್ರಿ ಎರಡು ಸಲ ಉಸಿರು ನಿಂತಿತ್ತು’ ಅಂದುಬಿಟ್ಟೆ. ಆ ಬಾಣಂತಿಗೆ ನನ್ನ ಮುಂದಿನ ಮಾತು ಕೇಳಿಸಲೇ ಇಲ್ಲ. ಗೋಡೆ ಹಿಡಿದು ಕುಸಿದಳು. ಉಸಿರು ನಿಂತಿತು ಅಂದರೆ ನಮ್ಮಲ್ಲಿ ಜೀವ ಹೋಯಿತು ಅಂತಲೇ ಅಲ್ವಾ? ಮಗು ಪಕ್ಕದ ಕೋಣೆಯಲ್ಲಿ ಚೆನ್ನಾಗಿಯೇ ಇತ್ತು. ಅವಳ ಆ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಅವತ್ತಿನಿಂದ ಹುಡುಕುತ್ತಿದ್ದೇನೆ. ‘ಉಸಿರು ಕಟ್ಟುವುದು’ ಅಂದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ‘ಉಸಿರು ಹಿಡಿಯುವುದು’ ಅಂದರೆ ಮಗುವೇ ಅತ್ತು ಅತ್ತು ಬಿಗಿಹಿಡಿದ ಹಾಗೆ. ‘ಶ್ವಾಸಸ್ತಂಭನ’ ನನ್ನ ಬಾಣಂತಿಯರಿಗೆ ಬೇಡವೇ ಬೇಡ. ನಮ್ಮ ಮರಾಠಿ ಸಿಸ್ಟರ್‌ಗಳು ಹೇಳುವುದು ‘ಬಾಳ ಶ್ವಾಸ ಘ್ಯಾಯಲಾ ವಿಸರತಂ’ ಅಂತ. ಮಗು ಉಸಿರಾಡುವುದನ್ನು ಮರೆಯುತ್ತದೆ! ಕೇಳಿದ ಕೂಡಲೇ ನನಗೆ ಇದೇ ಸರಿ ಅನ್ನಿಸಿತು. ಉಸಿರಾಡು ಅಂತ ಹೇಳುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಹೀಗಾಗುವುದು. ನಾವು ಕೊಡುವ ಕೆಫೀನ್ ಔಷಧಿಯೂ ಆ ಭಾಗವನ್ನು ಎಚ್ಚರವಾಗಿಡುವುದೇ. ಕಾಫಿಯಲ್ಲಿ ಇರುತ್ತದಲ್ಲ, ಅದೇ ಕೆಫೀನ್. 2006ರಲ್ಲಿ ಬಾರ್ಬರಾ ಶ್ಮಿಟ್ ಮತ್ತು ಅವರ ಜೊತೆಯವರು, 500ರಿಂದ 1250 ಗ್ರಾಂ ತೂಕದ ಸುಮಾರು ಎರಡು ಸಾವಿರ ಮಕ್ಕಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಕೆಫೀನ್ ಪಡೆದ ಮಕ್ಕಳಿಗೆ ಉಸಿರಾಟದ ಯಂತ್ರದ ಆಸರೆ ಬೇಗ ಬಿಡಿಸಲು ಆಯಿತು. ‘ಮರೆಯುತ್ತದೆ, ನೆನಪಿಸಲು ಔಷಧಿ ಕೊಡ್ತೀವಿ’ ಅಂದರೆ ತಾಯಿಗೂ ತಿಳಿಯುತ್ತದೆ.

ಆದರೆ ಒಬ್ಬ ಅಜ್ಜಿ ಕೇಳಿದರು, ‘ಈಗ್ಲೇ ಮರೀತೈತಿ ಅಂದ್ರ, ಮುಂದ ಸಾಲ್ಯಾಗ ಹ್ಯಾಂಗವ್ವಾ?’ ಈ ಹೆದರಿಕೆಗೆ ನನ್ನ ಪದವೇ ಕಾರಣ. ಇನ್ನೊಬ್ಬರು, ಕಲಿತದ್ದನ್ನು ತಾನೆ ಮರೆಯುವುದು ಅಂದರು. ಅದಕ್ಕೆ ಮಾತ್ರ ನನ್ನ ಹತ್ತಿರ ಉತ್ತರವಿದೆ. ಮಗು ಹೊಟ್ಟೆಯಲ್ಲಿದ್ದಾಗಲೇ ಉಸಿರಾಟದ ಹಾಗೆ ಎದೆ ಆಡಿಸುತ್ತಿರುತ್ತದೆ, ಅದೂ ಬಿಟ್ಟು ಬಿಟ್ಟು. ಹಾಗಾದರೆ ‘ಉಸಿರು ಬಿಟ್ಟು ಬಿಟ್ಟು ಬರುತ್ತದೆ’ ಅನ್ನಬಹುದೇ? ಆದರೆ ‘ಉಸಿರು ಬಿಟ್ಟಿತು’ ಅಂದರೂ ಸಾವೇ. ಎಲ್ಲಿ ಮುಟ್ಟಿದರೂ ಅಲ್ಲಿಗೇ ಬರುತ್ತದೆ.

ಎರಡನೆಯದು ಒಂದು ಸದ್ದು. ಶ್ವಾಸಕೋಶ ಬಲಿಯದ ಮಗು ಪ್ರತಿ ಉಸಿರು ಹೊರಬಿಡುವಾಗಲೂ ‘ಹ್ಞೂಂ, ಹ್ಞೂಂ’ ಅನ್ನುತ್ತದೆ. ಗಾಳಿಚೀಲಗಳು ಮುದುಡದಂತೆ ತಡೆಯುವ ವಸ್ತು ಈ ಮಕ್ಕಳಲ್ಲಿ ಕಡಿಮೆ ಅಂತ 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಚೀಲ ಮುದುಡದಿರಲಿ ಅಂತ ಮಗು ಗಂಟಲನ್ನು ಅರ್ಧ ಮುಚ್ಚಿ ಗಾಳಿಯನ್ನು ಒಳಗೇ ತಡೆಯುತ್ತದೆ. ಸದ್ದು ಬರುವುದು ಅದಕ್ಕೇ. ಗಂಟಲಿಗೆ ಕೊಳವೆ ಹಾಕಿದರೆ ಈ ಸದ್ದು ನಿಂತು ಮಗುವಿನ ಆಮ್ಲಜನಕ ಇಳಿಯುತ್ತದೆ ಅಂತ 1968ರಲ್ಲಿ ದಕ್ಷಿಣ ಆಫ್ರಿಕಾದ ವೈದ್ಯರು ಕಂಡುಕೊಂಡರು. ಮಗು ತಾನೇ ಮಾಡುತ್ತಿದ್ದ ಈ ಕೆಲಸವನ್ನು ಯಂತ್ರದಿಂದ ಮಾಡಿಸಿದವರು ಸ್ಯಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ. 1971ರ ಅವರ ಲೇಖನದಲ್ಲಿ ಹೇಳಿದ 20 ಮಕ್ಕಳಲ್ಲಿ 16 ಉಳಿದವು. ನಾವು ದಿನಾ ಬಳಸುವ ಸಿಪ್ಯಾಪ್, ಅಂದರೆ ಒಂದೇ ಸಮನೆ ಗಾಳಿಯ ಒತ್ತಡ ಕೊಟ್ಟು ಗಾಳಿಚೀಲ ಮುದುಡದಂತೆ ನೋಡಿಕೊಳ್ಳುವ ಉಪಕರಣ, ಅದೇ.

ಈ ಸದ್ದಿಗೆ ‘ನರಳು’ ಅಂದರೆ ನೋವು ಅಂತಾಗುತ್ತದೆ. ‘ತಿಣುಕು’ ಅಂದರೆ ಮಲ ಕಟ್ಟಿದೆ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ಮನೆಗೆ ಹೋದ ಮೇಲೆ ಹಾಗೆ ಸುಮ್ಮನಿದ್ದರೆ ಅಪಾಯ. ‘ಮುಲುಕು’ ನನಗೆ ಹತ್ತಿರ ಅನ್ನಿಸುತ್ತದೆ. ಆದರೆ ಎಲ್ಲ ಕಡೆ ಅದೇ ಅರ್ಥ ಬರುತ್ತದೆಯೇ ಗೊತ್ತಾಗಬೇಕು.

ಕಲಬುರಗಿ, ವಿಜಯಪುರ, ಬೀದರ್ ಕಡೆಯವರು ನಿಮ್ಮ ಮನೆಯ ಹಿರಿಯ ಹೆಂಗಸರನ್ನು ದಯವಿಟ್ಟು ಕೇಳಿ. ಮಗು ಹೀಗೆ ಸದ್ದು ಮಾಡಿದರೆ ಏನನ್ನುತ್ತಾರೆ? ನಡುವೆ ಉಸಿರು ತಡೆದರೆ ಏನನ್ನುತ್ತಾರೆ? ಅವರು ಆಡಿದ ಮಾತನ್ನು ತಿದ್ದದೆ ಹಾಗೇ ಬರೆದು ಕಳಿಸಿ. ಚೀಟಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.