‘ವಿಲ್’ ಎಲ್ಲಿ ಬೇಕು, ಎಲ್ಲಿ ಬೇಡ?

ಪ್ರಶ್ನೆ (ಆಲ್ದೂರು, ಚಿಕ್ಕಮಗಳೂರು): ಮೇಡಂ, ನಮ್ಮ ಹೋಂಸ್ಟೇಗೆ ಬರುವವರ ಸಂದೇಶಗಳಿಗೆ ಇಂಗ್ಲಿಷಿನಲ್ಲಿ ಉತ್ತರಿಸುವುದು ನನ್ನ ಪಾಲಿನ ಕೆಲಸ. ನಾಳೆ ಮುಳ್ಳಯ್ಯನಗಿರಿಗೆ ಹೋಗುವ ಜೀಪು ಆರಕ್ಕೆ ಬರುತ್ತದೆ ಎನ್ನಲು ‘ದ ಜೀಪ್ ವಿಲ್ ಬಿ ಕಮ್ ಅಟ್ ಸಿಕ್ಸ್’ ಎನ್ನಬಹುದೇ? ಮಗಳು ತಪ್ಪು ಎನ್ನುತ್ತಾಳೆ. ಏಕೆಂದು ಕೇಳಿದರೆ ಓದುವುದಿದೆ ಎಂದು ಎದ್ದು ಹೋಗುತ್ತಾಳೆ.

ಉತ್ತರ (ಇಂಗ್ಲಿಷ್ ಉಪನ್ಯಾಸಕಿ): ಮಗಳು ಹೇಳಿದ್ದು ಸರಿ. ಆ ‘ಬಿ’ ತೆಗೆದುಬಿಡಿ: ‘ದ ಜೀಪ್ ವಿಲ್ ಕಮ್ ಅಟ್ ಸಿಕ್ಸ್’. ವಿಲ್ ಬಂದ ಮೇಲೆ ಕ್ರಿಯಾಪದದ ಮೂಲರೂಪವಷ್ಟೇ ಸಾಕು. ಕಮ್ಸ್, ಕೇಮ್ ಯಾವುದೂ ಬೇಡ. ಬರುತ್ತೇನೆ, ಬರುತ್ತಾಳೆ, ಬರುತ್ತಾರೆ ಎಂದು ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವ ರಗಳೆ ಇಲ್ಲಿಲ್ಲ. ಐ, ಶಿ, ದೇ ಯಾರೇ ಆಗಲಿ ‘ವಿಲ್ ಕಮ್’. ‘ತಿಂಡಿ ಎಂಟಕ್ಕೆ ಸಿದ್ಧವಾಗಿರುತ್ತದೆ’ ಎನ್ನುವಾಗ ಮಾತ್ರ ‘ವಿಲ್ ಬಿ ರೆಡಿ’. ರೆಡಿ ಎಂಬುದು ಕ್ರಿಯಾಪದವಲ್ಲ, ಅದಕ್ಕೇ ಬಿ ಬೇಕು.

ನಾವು ನಿಜವಾಗಿ ಎಡವುವುದು ಬೇರೆ ಕಡೆ. ‘ದಿನಾ ಬರುತ್ತದೆ’, ‘ನಾಳೆ ಬರುತ್ತದೆ’ ಎರಡಕ್ಕೂ ಕನ್ನಡದಲ್ಲಿ ಒಂದೇ ರೂಪ ನಡೆಯುತ್ತದೆ. ಇಂಗ್ಲಿಷಿನಲ್ಲಿ ದಿನಾ ಬರುವ ಹಾಲಿನವನಿಗೆ ‘ಕಮ್ಸ್’, ನಾಳೆ ಬರುವ ಜೀಪಿಗೆ ‘ವಿಲ್ ಕಮ್’.

ಪ್ರಶ್ನೆ: ಮಳೆ ಬಂದರೆ ಜೀಪು ಬರುವುದಿಲ್ಲ ಎನ್ನಲು ‘ಇಫ್ ಇಟ್ ವಿಲ್ ರೇನ್’ ಸರಿಯೇ?

ಉತ್ತರ: ಇಲ್ಲ. ‘ಇಫ್ ಇಟ್ ರೇನ್ಸ್, ದ ಜೀಪ್ ವೋಂಟ್ ಕಮ್’ (ವೋಂಟ್ ಎಂದರೆ ವಿಲ್ ನಾಟ್). ‘ಹೀಗಾದರೆ’, ‘ಹೀಗಾದಾಗ’ ಎನ್ನುವ ಭಾಗದಲ್ಲಿ, ಅಂದರೆ ಇಫ್, ವೆನ್, ಅಂಟಿಲ್‌ಗಳ ನಂತರ ಬರುವ ಭಾಗದಲ್ಲಿ, ಸಾಮಾನ್ಯವಾಗಿ ವಿಲ್ ಹಾಕುವುದಿಲ್ಲ. ಫಲ ಹೇಳುವ ಭಾಗಕ್ಕೆ ಅದನ್ನು ಉಳಿಸಿಕೊಳ್ಳಿ. ಆಷಾಢದಲ್ಲಿ ನಿಮ್ಮೂರಿಗೆ ಆ ‘ಇಫ್’ ಬೇಕೇ ಎಂಬುದು ಬೇರೆ ಮಾತು.

ಇನ್ನೊಬ್ಬರು (ಸಕಲೇಶಪುರ): ಹಾಗಾದರೆ ‘ಗೋಯಿಂಗ್ ಟು’ ಯಾವಾಗ ಮೇಡಂ?

ಉತ್ತರ: ಅತಿಥಿ ಟವೆಲ್ ಇಲ್ಲ ಎಂದರು, ನೀವು ನಿಂತಲ್ಲೇ ‘ಐ ವಿಲ್ ಬ್ರಿಂಗ್ ಒನ್’ ಎಂದಿರಿ. ಅದು ಆ ಕ್ಷಣದ ತೀರ್ಮಾನ. ಮುಂದಿನ ತಿಂಗಳು ಕೋಣೆಗಳಿಗೆ ಬಣ್ಣ ಹೊಡೆಸುವುದೆಂದು ಮೊದಲೇ ನಿಶ್ಚಯಿಸಿದ್ದರೆ ‘ವಿ ಆರ್ ಗೋಯಿಂಗ್ ಟು ಪೇಂಟ್ ದ ರೂಮ್ಸ್’. ಗೆರೆ ಯಾವಾಗಲೂ ಇಷ್ಟು ಸ್ಪಷ್ಟವಾಗಿರುವುದಿಲ್ಲ, ಎಷ್ಟೋ ಕಡೆ ಎರಡೂ ನಡೆಯುತ್ತವೆ. ಆದರೆ ಟವೆಲ್ ವಿಷಯದಲ್ಲಿ ‘ಗೋಯಿಂಗ್ ಟು’ ಎಂದರೆ ತರುವ ಯೋಚನೆ ನಿಮಗೆ ಮೊದಲೇ ಇದ್ದಂತಾಗುತ್ತದೆ.

ಪ್ರಶ್ನೆ: ‘ವೆನ್ ಯು ರೀಚ್ ಆಲ್ದೂರು, ಮೈ ಹಸ್ಬೆಂಡ್ ವಿಲ್ ಮೀಟ್ ಯು.’ ಇದನ್ನು ಕಳುಹಿಸಲೇ?

ಉತ್ತರ: ಕಳುಹಿಸಿ. ಯಜಮಾನರಿಗೂ ಒಂದು ಮಾತು ಹೇಳಿಡಿ.