ಮಾರಿಕಣಿವೆ ಹತ್ತಿರ ಸೀಸನ್ ಹೋಟೆಲ್, ಬಿಯರ್ ಕೊಡೋಕೆ ಲೈಸೆನ್ಸ್ ಸಿಗುತ್ತಾ?

ಕಣಿವೆ ಊಟದ ಮನೆ

ಎಲ್ಲರಿಗೂ ನಮಸ್ಕಾರ. ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರ, ಅಂದರೆ ಮಾರಿಕಣಿವೆ ಡ್ಯಾಮಿನ ಹತ್ತಿರ ನಂದೊಂದು ಚಿಕ್ಕ ಹೋಟೆಲ್ ಇದೆ. ತೆಂಗಿನ ತೋಟದ ಅಂಚಲ್ಲಿ ಎಂಟು ಟೇಬಲ್, ಮೇಲೆ ತಗಡಿನ ಶೀಟು, ಅಷ್ಟೇ. ಮಳೆ ಮುಗಿದ ಮೇಲೆ ತೆರೆಯುತ್ತೇನೆ. ಶಿವರಾತ್ರಿ ಕಳೆದು ಬಿಸಿಲು ಏರಿದರೆ ಮುಚ್ಚುತ್ತೇನೆ. ಉಳಿದ ತಿಂಗಳು ತೋಟದ ಕೆಲಸ. ಮುದ್ದೆ, ಮೀನು ಸಾರು, ಮೀನು ಫ್ರೈ ಮಾಡುತ್ತೇವೆ. ಮೀನು ಡ್ಯಾಮಿನದೇ, ಬೆಳಿಗ್ಗೆ ತೆಪ್ಪದವರು ತಂದು ಕೊಡುತ್ತಾರೆ.

1933ರಲ್ಲಿ ಕೋಡಿ ಬಿದ್ದ ಡ್ಯಾಮು ಮತ್ತೆ ಬಿದ್ದಿದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲೂ ಬಿತ್ತು. ಅಲ್ಲಿಂದ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಜಾಸ್ತಿ. ಕೂತ ತಕ್ಷಣ ಕೇಳುವುದು "ಬಿಯರ್ ಇದೆಯಾ?" ಅಂತ. ಇಲ್ಲ ಅಂದರೆ ಕಾರಿಂದ ತಂದು ಟೇಬಲ್ ಮೇಲೆ ಇಡುತ್ತಾರೆ.

ಹೋದ ಭಾನುವಾರ ನಾಲ್ಕು ಜನ ಹುಡುಗರು ಹೀಗೇ ಮಾಡಿದರು. ನಾನು ನೀರಿಗೆ ಇಟ್ಟಿದ್ದ ಸ್ಟೀಲ್ ಲೋಟಕ್ಕೇ ಸುರಿದುಕೊಂಡರು. ನೊರೆ ಉಕ್ಕಿ ಟೇಬಲ್ ಎಲ್ಲಾ ಹರಿಯಿತು. ಪಕ್ಕದಲ್ಲಿ ದಾವಣಗೆರೆ ಕಡೆಯ ಒಂದು ಸಂಸಾರ ಊಟಕ್ಕೆ ಕೂತಿತ್ತು. ಆ ತಾಯಿ ಇನ್ನೂ ಮುದ್ದೆ ಮುರಿದಿರಲಿಲ್ಲ. ಹಾಗೇ ಎದ್ದರು, ಮಕ್ಕಳನ್ನೂ ಎಬ್ಬಿಸಿದರು. ಬೇಡ ಅಂದರೂ ದುಡ್ಡು ಕೊಟ್ಟೇ ಹೋದರು. ನನಗೆ ಅದು ಇನ್ನೂ ಮನಸ್ಸಿಂದ ಹೋಗಿಲ್ಲ.

ಹೀಗೆ ಕದ್ದುಮುಚ್ಚಿ ಆಗುವುದಕ್ಕಿಂತ ಕಾನೂನು ಪ್ರಕಾರ ಒಂದು ಕಡೆ ಬೇರೆ ಟೇಬಲ್ ಹಾಕಿ ಬಿಯರ್ ಮಾತ್ರ ಕೊಡೋಣ ಅಂತ ಯೋಚನೆ. ಗೋವಾದಲ್ಲಿ ನೋಡಿದ್ದೇನೆ. ಮಳೆ ಮುಗಿದ ಮೇಲೆ ಬೀಚಿನಲ್ಲಿ ಶ್ಯಾಕ್ ಕಟ್ಟುತ್ತಾರೆ, ಮೇ ಕೊನೆಗೆ ಬಿಚ್ಚುತ್ತಾರೆ. ನಮ್ಮಲ್ಲೂ ಹಾಗೆ ನಾಲ್ಕೈದು ತಿಂಗಳಿಗೆ ಲೈಸೆನ್ಸ್ ಇದೆಯಾ? ಒಬ್ಬ ಮಧ್ಯವರ್ತಿ "ಸೀಸನ್ ಪರ್ಮಿಟ್ ಮಾಡಿಸಿಕೊಡ್ತೀನಿ, ನಲವತ್ತು ಸಾವಿರ ಕೊಡಿ" ಅನ್ನುತ್ತಿದ್ದಾನೆ. ಕೊಡಲಾ? ತಿಳಿದವರು ಹೇಳಿ.

ಹೈವೇ ಗೆಳೆಯ

ಅಣ್ಣ, ಲೈಸೆನ್ಸ್ ತಲೆನೋವು ಯಾಕೆ? ನೀವು ಮಾರಬೇಡಿ. ಅವರೇ ತಂದುಕೊಳ್ಳಲಿ. ನೀವು ಗ್ಲಾಸು, ನೀರು, ಸೈಡ್ಸ್ ಕೊಡಿ. ಮಾರಿದರೆ ತಾನೇ ಕೇಸು? ಎಷ್ಟೋ ಢಾಬಾಗಳು ನಡೆಯುತ್ತಿರುವುದೇ ಹೀಗೆ.

ದುರ್ಗದ ಲಾಡ್ಜ್‌ನವನು

ಮೇಲಿನವರ ಮಾತು ಕೇಳಬೇಡಿ ತಮ್ಮಾ. ನಾನು ಅದನ್ನು ನಂಬಿಯೇ ಕೆಟ್ಟವನು.

ಲಾಡ್ಜ್ ಹಾಕುವ ಮೊದಲು ಹೆದ್ದಾರಿ ಪಕ್ಕ ನಂದೊಂದು ಢಾಬಾ ಇತ್ತು. ಒಂದು ಹನಿ ಮಾರಿರಲಿಲ್ಲ. ಲಾರಿಯವರು ಪಾಕೀಟು ತಂದುಕೊಳ್ಳುತ್ತಿದ್ದರು, ನಾನು ಲೋಟ ಕೊಡುತ್ತಿದ್ದೆ. ಒಂದು ಸಂಜೆ ಪೊಲೀಸರು ಬಂದು ಪಂಚನಾಮೆ ಬರೆದರು. ಖಾಲಿ 90 ಎಂಎಲ್ ಟೆಟ್ರಾ ಪ್ಯಾಕು, ಬಳಸಿದ ಪ್ಲಾಸ್ಟಿಕ್ ಲೋಟ, ಅರ್ಧ ಉಳಿದ ನೀರಿನ ಬಾಟಲಿ. ಒಂದೊಂದನ್ನೂ ಎಣಿಸಿ ಬರೆದರು. ಆ ಹಾಳೆಯಲ್ಲಿ ನನ್ನ ಹೆಸರಿನ ಕೆಳಗೆ ಎಂಜಲು ಲೋಟಗಳ ಲೆಕ್ಕ ನೋಡಿದಾಗ ನಾಚಿಕೆಯಿಂದ ಕುಗ್ಗಿಹೋದೆ. ಕರ್ನಾಟಕ ಅಬಕಾರಿ ಕಾಯ್ದೆಯ 15ಎ ಮತ್ತು 32(3) ಕಲಂ ಹಾಕಿದ್ದರು. ಸನ್ನದು, ಅಂದರೆ ಲೈಸೆನ್ಸ್, ಇಲ್ಲದ ಜಾಗದಲ್ಲಿ ಕುಡಿಯಲು ಅವಕಾಶ ಮಾಡಿಕೊಡುವುದೇ ತಪ್ಪು. ಮಾರಿದ್ದೀರಾ ಇಲ್ಲವಾ ಅನ್ನುವುದು ಬೇರೆ ಮಾತು. ಜಿಲ್ಲೆಯ ಪೊಲೀಸ್ ಪ್ರಕಟಣೆ ಯಾವುದೇ ತಿಂಗಳದ್ದು ತೆಗೆದು ನೋಡಿ, "ಮದ್ಯಪಾನಕ್ಕೆ ಸ್ಥಳಾವಕಾಶ" ಅನ್ನುವ ಕೇಸು ಕಂಡೇ ಕಾಣುತ್ತದೆ. ಬಹುಪಾಲು ನಮ್ಮಂಥ ಸಣ್ಣವರದೇ. ಆ ಹುಡುಗರು ಕಾರು ಹತ್ತಿ ಹೋಗುತ್ತಾರೆ, ಕೋರ್ಟಿಗೆ ಅಲೆಯುವವರು ನೀವು.

ಇನ್ನು ನಿಮ್ಮ ಪ್ರಶ್ನೆ. ಗೋವಾದ್ದು ಗೋವಾ ಕಾನೂನು, ಅದು ಇಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಸೀಸನ್ ಹೋಟೆಲ್‌ಗೆ ಅಂತ ಬೇರೆ ಸನ್ನದು ಇಲ್ಲ. ಸನ್ನದು ಕೊಡುವುದು ಇಡೀ ಅಬಕಾರಿ ವರ್ಷಕ್ಕೆ, ಅಂದರೆ ಜುಲೈ 1ರಿಂದ ಜೂನ್ 30. ಬಾರ್ ಆಂಡ್ ರೆಸ್ಟೋರೆಂಟ್‌ನ ಸನ್ನದಿಗೆ ಸಿಎಲ್-9 ಅನ್ನುತ್ತಾರೆ. ಇವನ್ನು ಹೊಸದಾಗಿ ಕೊಡುವುದನ್ನು ಸರ್ಕಾರ 1992ರಲ್ಲೇ ನಿಲ್ಲಿಸಿತು. ಆಮೇಲೆ ಹಳೇ ಸನ್ನದುಗಳೇ ಕೈಯಿಂದ ಕೈಗೆ ಹೋಗುತ್ತಾ ಬಂದವು. ಅವುಗಳ ಬೆಲೆ ಎಂಟು ಟೇಬಲ್ ಹೋಟೆಲ್‌ಗೆ ಎಟುಕುವಂಥದ್ದಲ್ಲ. ಸಿಎಲ್-2 ಅಂದರೆ ವೈನ್ ಶಾಪು, ಸೀಲ್ ಒಡೆಯದ ಬಾಟಲಿ ಮಾರಬಹುದು, ಕೂರಿಸಿ ಕುಡಿಸುವ ಹಾಗಿಲ್ಲ. ಸಿಎಲ್-7 ನನ್ನ ಹತ್ತಿರ ಇರುವುದು. ಅದಕ್ಕೆ ಲಾಡ್ಜಿಂಗ್ ಬೇಕು, ನಿಯಮದಲ್ಲಿ ಹೇಳಿದಷ್ಟು ರೂಮು ಬೇಕು. ತಗಡಿನ ಶೀಟಿನ ಕೆಳಗೆ ಅದು ಬರುವುದಿಲ್ಲ.

ಜಾಗದ ವಿಷಯ ಇನ್ನೂ ದೊಡ್ಡದು. 1967ರ ನಿಯಮದ ಪ್ರಕಾರ ದೇವಸ್ಥಾನ, ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿಯಿಂದ 100 ಮೀಟರ್ ಒಳಗೆ ಸನ್ನದು ಕೊಡುವ ಹಾಗಿಲ್ಲ. ನಿಮ್ಮಲ್ಲಿ ಕಣಿವೆ ಮಾರಮ್ಮನ ಗುಡಿ ಇದೆ. ಎಷ್ಟು ದೂರ? ಮೊದಲು ಅದನ್ನು ನೋಡಿ. ರಸ್ತೆ ರಾಜ್ಯ ಹೆದ್ದಾರಿಯೋ ಅಲ್ಲವೋ ಅಂತಲೂ ಕೇಳಿ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅಂದಿತು. ಮುಂದಿನ ಮಾರ್ಚ್‌ನಲ್ಲಿ 20,000 ಜನಸಂಖ್ಯೆಯೊಳಗಿನ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು. ಚಿತ್ರದುರ್ಗದಲ್ಲಿ 48 ಮತ್ತು 50, ಎರಡು ರಾಷ್ಟ್ರೀಯ ಹೆದ್ದಾರಿ ಸೇರುತ್ತವೆ. ಆ ವರ್ಷ ಜುಲೈ‌ನಲ್ಲಿ ನನ್ನ ಪರಿಚಯದವರು ಬಾಗಿಲಿಗೆ ಬೀಗ ಹಾಕಿ, ಕೆಲಸದ ಹುಡುಗರಿಗೆ ಏನು ಹೇಳುವುದು ಅಂತ ನನ್ನ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡರು. ಸಾಲ ಮಾಡಿ ಈ ಕಸುಬಿಗೆ ಇಳಿಯುವವರು ಅದನ್ನೂ ನೆನಪಿಟ್ಟುಕೊಳ್ಳಬೇಕು.

ಆ ನಲವತ್ತು ಸಾವಿರ ದಯವಿಟ್ಟು ಕೊಡಬೇಡಿ. ಇಲ್ಲದ ಕಾಗದವನ್ನು ಅವನು ಎಲ್ಲಿಂದ ತರುತ್ತಾನೆ?

ಕಣಿವೆ ಊರಿನ ಅಕ್ಕ

ನಾನು ಅಲ್ಲೇ ಹತ್ತಿರದ ಊರವಳು. ಕೋಡಿ ಬಿದ್ದ ವರ್ಷ ಜಾತ್ರೆ ಥರ ಜನ ಬಂದರು, ನಮಗೂ ಖುಷಿ ಆಯಿತು. ನಾನೇ ಕಡ್ಲೆಕಾಯಿ ಬೇಯಿಸಿ ಮಾರಿದ್ದೇನೆ. ಆದರೆ ಅವರು ಹೋದ ಮೇಲೆ ನೀರಿನ ದಡದಲ್ಲಿ ಬರೀ ಬಾಟಲಿ ಚೂರು. ನಮ್ಮ ಮೇಕೆಯ ಗೊರಸಿನ ಸಂದಿಗೆ ಗಾಜು ಹೊಕ್ಕಿತ್ತು. ಚಿಮಟದಲ್ಲಿ ಕೀಳುವಾಗ ಅದು ಕೂಗಿದ್ದು ಕೇಳೋಕಾಗಲಿಲ್ಲ. ಹದಿನೈದು ದಿನ ಅರಿಶಿನ ಕಟ್ಟಿದೆವು. ಕುಡಿದು ನೀರಿಗೆ ಇಳಿಯುತ್ತಾರಲ್ಲ, ಅದಂತೂ ನೋಡಿದರೆ ಎದೆ ಝಲ್ ಅನ್ನುತ್ತದೆ. ಅಲ್ಲಿಂದ ಮತ್ತೆ ಸ್ಟೇರಿಂಗ್ ಹಿಡಿದು ಹೋಗುತ್ತಾರೆ.

ತಮ್ಮಾ, ನಿನ್ನ ಹೋಟೆಲ್‌ಗೆ ನಾವು ಹೆಣ್ಣುಮಕ್ಕಳು ಬರುವುದೇ ಅಲ್ಲಿ ಕುಡಿತ ಇಲ್ಲ ಅಂತ. ಆ ತಾಯಿ ಎದ್ದು ಹೋದ ವಿಷಯ ನೀನೇ ಬರೆದಿದ್ದೀಯ. ನಿನಗೂ ಗೊತ್ತು. ನಿನ್ನ ತೋಟದಲ್ಲೇ ಎಳನೀರಿದೆ, ಅದನ್ನು ತಣ್ಣಗೆ ಮಾಡಿ ಕೊಡು. ಬಿಸಿಲಲ್ಲಿ ಬಂದವರಿಗೆ ಅದಕ್ಕಿಂತ ಏನು ಬೇಕು?

ಕಣಿವೆ ಊಟದ ಮನೆ

ಅಕ್ಕ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಲಾಡ್ಜ್‌ನವರೇ, ಅಷ್ಟು ಬಿಡಿಸಿ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಇನ್ನೊಂದೇ ಒಂದು ಕೇಳುತ್ತೇನೆ. ಮದುವೆ ಪಾರ್ಟಿಗಳಿಗೆ ಒಂದು ದಿನದ ಲೈಸೆನ್ಸ್ ತೆಗೆದುಕೊಳ್ಳುತ್ತಾರಲ್ಲ, ಅದನ್ನು ಪ್ರತಿ ಭಾನುವಾರ ತೆಗೆದುಕೊಂಡರೆ?

ದುರ್ಗದ ಲಾಡ್ಜ್‌ನವನು

ಅದು ಸಿಎಲ್-5. ಯಾವುದೋ ಒಂದು ಕಾರ್ಯಕ್ರಮಕ್ಕೆ, ಆ ದಿನಕ್ಕೆ ಮಾತ್ರ. ಅಬಕಾರಿ ಉಪ ಆಯುಕ್ತರ ಕಚೇರಿಯಲ್ಲಿ ಅರ್ಜಿ ಕೊಡಬೇಕು. ವಾರ ವಾರ ಹೋಟೆಲ್ ವ್ಯಾಪಾರ ಮಾಡೋಕೆ ಇರುವುದಲ್ಲ. ನಿಮ್ಮ ತೋಟದಲ್ಲಿ ಯಾರಾದರೂ ಕಾರ್ಯಕ್ರಮ ಇಟ್ಟುಕೊಂಡರೆ ಅರ್ಜಿ ಹಾಕುವ ಮೊದಲು ನೀವೇ ಚಿತ್ರದುರ್ಗದ ಕಚೇರಿಗೆ ಹೋಗಿ ಕೇಳಿ. ನಡುವೆ ಯಾರನ್ನೂ ಇಟ್ಟುಕೊಳ್ಳಬೇಡಿ.

ಕಣಿವೆ ಊಟದ ಮನೆ

ನಿನ್ನೆ ಸಂಜೆ ಮಗಳಿಗೆ ಟೇಪಿನ ಒಂದು ತುದಿ ಹಿಡಿಸಿ ಮಾರಮ್ಮನ ಗುಡಿ ಬಾಗಿಲಿಂದ ನಮ್ಮ ಹೋಟೆಲ್‌ವರೆಗೆ ಅಳೆದೆ. ಮೂವತ್ತು ಮೀಟರಿನ ಟೇಪು, ಮೂರನೇ ಸಲ ಎಳೆಯುವಾಗ ಪೂರ್ತಿ ಬಿಚ್ಚುವ ಮೊದಲೇ ನಮ್ಮ ಮೊದಲನೇ ಟೇಬಲ್ ಬಂತು. 84 ಮೀಟರ್. ಅಲ್ಲಿಗೆ ಸನ್ನದಿನ ಮಾತು ಮುಗಿಯಿತು.

ಮಧ್ಯವರ್ತಿಗೆ ಫೋನ್ ಮಾಡಿ ಬೇಡ ಅಂದೆ. ಎಂಟೂ ಟೇಬಲ್‌ಗೆ ಕಾಣುವ ಹಾಗೆ "ಇಲ್ಲಿ ಮದ್ಯ ಕುಡಿಯುವಂತಿಲ್ಲ" ಅಂತ ಬೋರ್ಡ್ ಬರೆಸುತ್ತಿದ್ದೇನೆ. ಅಕ್ಕ, ಈ ಭಾನುವಾರ ಬನ್ನಿ, ಎಳನೀರು ಇಳಿಸಿರುತ್ತೇನೆ.